ಕೆಮ್ಮಣ್ಣೂ ಕಾಡೂ: ಭದ್ರಾ ಕಣಿವೆಯ ಒಂದು ಲೆಕ್ಕ

ಭದ್ರಾವತಿಯಿಂದ ಶಂಕರಘಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವನಿಗೆ ಒಂದು ಗಂಟೆಯೊಳಗೆ ಎರಡು ಬೇರೆ ಬೇರೆ ಲೋಕಗಳು ಕಾಣಸಿಗುತ್ತವೆ. ಹಿಂದೆ ಉಳಿಯುವುದು ಕಬ್ಬಿಣದ ಕಾರ್ಖಾನೆಯ ಚಿಮಣಿಗಳು, ತುಕ್ಕು ಹಿಡಿದ ತಗಡಿನ ಮಾಡುಗಳು, ಸಾಲುಮನೆಗಳು. ಮುಂದೆ ಎದುರಾಗುವುದು ಭದ್ರಾ ಅಭಯಾರಣ್ಯದ ನೀಲಿಗಟ್ಟಿದ ಬೆಟ್ಟಗಳು. 2011ರ ಜನಗಣತಿಯಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದ ಪಟ್ಟಣವೊಂದಕ್ಕೆ ಇಷ್ಟು ಸಮೀಪದಲ್ಲಿ ಹುಲಿ, ಆನೆ, ಕಾಟಿಗಳು ಸ್ವೇಚ್ಛೆಯಾಗಿ ತಿರುಗುವ ಕಾಡಿರುವುದು ಸಾಮಾನ್ಯ ಸಂಗತಿಯಲ್ಲ. ನಮ್ಮ ಕಾಲೇಜು ಸೇರಿರುವ ಕುವೆಂಪು ವಿಶ್ವವಿದ್ಯಾನಿಲಯವು 1987ರಲ್ಲಿ ಸ್ಥಾಪಿತವಾಗಿ, ಶಂಕರಘಟ್ಟದಲ್ಲಿ ಈ ಕಾಡಿನ ಬಾಗಿಲಲ್ಲೇ ತನ್ನ ‘ಜ್ಞಾನಸಹ್ಯಾದ್ರಿ’ಯನ್ನು ಕಟ್ಟಿಕೊಂಡಿತು. ಪರೀಕ್ಷೆಯ ಕಾಗದಪತ್ರಗಳಿಗಾಗಿ ಅಲ್ಲಿಗೆ ಹೋಗಿಬರುವ ನಾವು ಈ ಎರಡು ದೃಶ್ಯಗಳನ್ನೂ ನೋಡುತ್ತೇವೆ; ಆದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ಕೇಳಿಕೊಳ್ಳುವುದಿಲ್ಲ.

ಈ ನಂಟನ್ನು ನಾನು ಹುಡುಕತೊಡಗಿದುದಕ್ಕೆ ಕಾರಣ ನನ್ನ ಅಜ್ಜ. ಅವರು ಯೌವನದಲ್ಲಿ ಕೆಮ್ಮಣ್ಣುಗುಂಡಿಯ ಗಣಿಯಲ್ಲಿ ಅದಿರು ತುಂಬುವ ಕೆಲಸ ಮಾಡಿದವರು, ಅಕ್ಷರ ಕಲಿತವರಲ್ಲ. ಎರಡನೆಯ ವರ್ಷದಲ್ಲಿ ಪರಿಸರ ಅಧ್ಯಯನದ ಪಾಠವನ್ನು ನಾನು ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಗಣಿಗಾರಿಕೆಯಿಂದ ಕಾಡು ನಾಶವಾಗುವುದು, ಮಣ್ಣು ಕೊಚ್ಚಿಹೋಗುವುದು, ನದಿಯಲ್ಲಿ ಹೂಳು ತುಂಬುವುದು ಎಂದು ಪಟ್ಟಿ ಮಾಡಿಕೊಳ್ಳುತ್ತಿದ್ದಾಗ, ಅಡಿಕೆ ಸುಲಿಯುತ್ತಿದ್ದ ಅಜ್ಜ ಕೈ ನಿಲ್ಲಿಸಿ, “ಹಂಗಾರೆ ನಾವು ಮಾಡಿದ್ದು ತಪ್ಪಾ ಮಗ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರ ಆ ದುಡಿಮೆಯ ಅನ್ನದಿಂದಲೇ ನಮ್ಮ ಮನೆ ನಿಂತು, ಮೂರನೆಯ ತಲೆಮಾರಿಗೆ ಒಬ್ಬನು ಬಿ.ಎ. ತರಗತಿಯ ಮೆಟ್ಟಿಲು ಹತ್ತುವಂತಾಯಿತು. ಈ ಲೇಖನವು ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಪ್ರಯತ್ನವೆಂದು ಓದುಗರು ಭಾವಿಸಬೇಕು.

ಅದಿರು ಬಂದ ಬಗೆ

ಕೆಮ್ಮಣ್ಣುಗುಂಡಿ ಎಂಬ ಹೆಸರೇ ತನ್ನ ಕಥೆಯನ್ನು ಹೇಳುತ್ತದೆ: ಕೆಂಪು ಮಣ್ಣಿನ ಗುಂಡಿ. ಸಮುದ್ರಮಟ್ಟದಿಂದ ಸುಮಾರು 1,430 ಮೀಟರ್ ಎತ್ತರದಲ್ಲಿರುವ ಈ ಸ್ಥಳವು ಬಾಬಾಬುಡನ್‌ಗಿರಿ ಶ್ರೇಣಿಗೆ ಸೇರಿದುದು. ಈ ಶ್ರೇಣಿಯ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನವೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿರುವರು. ಕಬ್ಬಿಣದ ಅಂಶವೊಂದು ಪದರ, ಬೆಣಚುಕಲ್ಲಿನ ಅಂಶವೊಂದು ಪದರ, ಹೀಗೆ ಒಂದರ ಮೇಲೊಂದು ಅಡುಕಿಟ್ಟಂತೆ ಕುಳಿತ ಶಿಲೆಗಳು ಇಲ್ಲಿವೆ. ಕೋಟ್ಯಂತರ ವರ್ಷಗಳ ಮಳೆಗಾಳಿಗೆ ಬೆಣಚಿನ ಅಂಶವು ಕರಗಿಹೋದ ಕಡೆಗಳಲ್ಲಿ ಕಬ್ಬಿಣವು ಹೆಚ್ಚಾಗಿ ಉಳಿದು ಒಳ್ಳೆಯ ಅದಿರಾಯಿತು. ಮಲೆನಾಡಿನ ಮಳೆಯೇ ಒಂದರ್ಥದಲ್ಲಿ ಮೊದಲ ಗಣಿಗಾರನೆನ್ನಬಹುದು.

ಶುದ್ಧವಾದ ಕೆಂಪು ಕಬ್ಬಿಣದ ಅದಿರಿನಲ್ಲಿ ತೂಕದ ನೂರು ಪಾಲಿಗೆ ಎಪ್ಪತ್ತು ಪಾಲು ಕಬ್ಬಿಣ, ಉಳಿದ ಮೂವತ್ತು ಪಾಲು ಆಮ್ಲಜನಕ. ಈ ಆಮ್ಲಜನಕವನ್ನು ಕಬ್ಬಿಣದಿಂದ ಬಿಡಿಸುವುದೇ ಕುಲುಮೆಯ ಕೆಲಸ. ಬಿಡಿಸಲು ಇಂಗಾಲ ಬೇಕು. ಕರಗಿಸಲು ಶಾಖ ಬೇಕು. ಅದಿರಿನಲ್ಲಿರುವ ಕಲ್ಲುಕಸರನ್ನು ಕಿಟ್ಟವನ್ನಾಗಿ ಮಾಡಿ ಬೇರ್ಪಡಿಸಲು ಸುಣ್ಣಕಲ್ಲು ಬೇಕು. ಬೇರೆ ಕಡೆಗಳಲ್ಲಿ ಇಂಗಾಲವನ್ನೂ ಶಾಖವನ್ನೂ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಒದಗಿಸುತ್ತದೆ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡಿತ್ತು.

ಬೆಂಕಿಪುರದ ಕುಲುಮೆ

1912ರಿಂದ 1918ರ ವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಕೊರತೆಯನ್ನು ದಾಟಲು ಇದ್ದಿಲಿನ ಕುಲುಮೆಯ ಯೋಜನೆಯನ್ನು ಕೈಗೆತ್ತಿಕೊಂಡರು. ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಭದ್ರಾವತಿಯನ್ನು ಆರಿಸಿದುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಅದಿರು ಕೆಮ್ಮಣ್ಣುಗುಂಡಿಯಲ್ಲಿ, ಸುಣ್ಣಕಲ್ಲು ಹತ್ತಿರದ ಭಂಡಿಗುಡ್ಡದಲ್ಲಿ, ನೀರು ಭದ್ರೆಯಲ್ಲಿ, ಸರಕು ಸಾಗಿಸಲು ಬೀರೂರು–ಶಿವಮೊಗ್ಗ ರೈಲು ಹಾದಿ, ಸೌದೆಗೆ ಸುತ್ತಲೂ ಮಲೆನಾಡಿನ ಕಾಡು. 1918ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆಯು 1923ರ ಜನವರಿಯಲ್ಲಿ ಉತ್ಪಾದನೆಗೆ ತೊಡಗಿತು. ಮೊದಲ ಮಹಾಯುದ್ಧದ ಬಳಿಕ ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟದಲ್ಲಿದ್ದಾಗ, ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ 1923ರಿಂದ 1929ರ ವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಿಂತು ಅದನ್ನು ಮೇಲೆತ್ತಿದರು.

ಇದ್ದಿಲಿನ ಕಬ್ಬಿಣಕ್ಕೆ ಒಂದು ಗುಣವುಂಟು. ಕೋಕಿನಲ್ಲಿ ಗಂಧಕದ ಅಂಶ ಇರುವುದರಿಂದ ಅದು ಕಬ್ಬಿಣಕ್ಕೂ ಸೇರಿ ಅದನ್ನು ಪೆಡಸಾಗಿಸುತ್ತದೆ. ಮರದ ಇದ್ದಿಲಿನಲ್ಲಿ ಗಂಧಕವು ಬಹು ಕಡಿಮೆ. ಭದ್ರಾವತಿಯಲ್ಲಿ ಸೌದೆಯನ್ನು ಬಯಲಿನಲ್ಲಿ ಸುಡದೆ, ಗಾಳಿಯಾಡದ ದೊಡ್ಡ ಉಕ್ಕಿನ ಕೋಣೆಗಳಲ್ಲಿ ಕಾಯಿಸಿ, ಇದ್ದಿಲಿನ ಜೊತೆಗೆ ತಾರು, ಮರದ ಮದ್ಯಸಾರ, ಸುಣ್ಣದ ಅಸಿಟೇಟ್ ಮೊದಲಾದ ಪದಾರ್ಥಗಳನ್ನೂ ಪಡೆಯುತ್ತಿದ್ದರು. ಹೊಗೆಯನ್ನೂ ಹಾಳುಮಾಡದ ಈ ಜಾಣತನವನ್ನು ನಾವು ಮೆಚ್ಚಲೇಬೇಕು.

ಆದರೆ ಇಲ್ಲಿಯೇ ಲೆಕ್ಕದ ಇನ್ನೊಂದು ಬದಿಯೂ ಇದೆ. ಒಂದು ಟನ್ ಇದ್ದಿಲು ಮಾಡಲು ಸಾಮಾನ್ಯವಾಗಿ ನಾಲ್ಕು ಟನ್ನಿನಷ್ಟು ಸೌದೆ ಬೇಕು. ಇದ್ದಿಲಿನ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣಕ್ಕೆ ಹತ್ತಿರಹತ್ತಿರ ಒಂದು ಟನ್ ಇದ್ದಿಲು ಬೇಕಾಗುವುದು. ಅಂದರೆ ನಮ್ಮ ಊರಿನ ಒಂದೊಂದು ಟನ್ ಕಬ್ಬಿಣದ ಹಿಂದೆ ಸುಮಾರು ನಾಲ್ಕು ಟನ್ ಮರವಿದ್ದಿತು. ಕುಲುಮೆಯೆಂಬುದು ಸಂಜೆ ಆರಿಸಿ ಬೆಳಿಗ್ಗೆ ಹಚ್ಚುವ ಒಲೆಯಲ್ಲ. ಹಗಲಿರುಳೂ ವರ್ಷಗಟ್ಟಲೆ ಉರಿಯಬೇಕಾದುದು. ಹಾಗಾದರೆ ಎಷ್ಟು ಕಾಡು ಅದರ ಬಾಯಿಗೆ ಹೋಗಿರಬಹುದೆಂಬುದನ್ನು ಓದುಗರೇ ಊಹಿಸಬಹುದು. ಮತ್ತಿ, ಹೊನ್ನೆ, ನಂದಿ, ದಿಂಡಿಲು ಮೊದಲಾದ ಮರಗಳಿಂದ ತುಂಬಿದ ಕಾಡೇ ಈ ಕಣಿವೆಯ ಕಲ್ಲಿದ್ದಲಾಗಿದ್ದಿತು.

ಅಜ್ಜನ ತೊಟ್ಟಿಲುಗಳು

ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟದ ತುದಿಯಿಂದ ತಣಿಗೆಬೈಲಿಗೆ ಕಬ್ಬಿಣದ ಹಗ್ಗದ ಮೇಲೆ ತೂಗಾಡುತ್ತ ಇಳಿದುಬರುತ್ತಿತ್ತು. ಅಲ್ಲಿಂದ ಮುಂದೆ ಹಳಿಯ ಮೇಲೆ ಭದ್ರಾವತಿಗೆ. ಇಂತಹ ಹಗ್ಗದಾರಿಯ ತತ್ತ್ವ ಸರಳವಾದುದು. ಇಳಿಯುವ ತುಂಬಿದ ತೊಟ್ಟಿಗಳ ಭಾರವು ಏರಬೇಕಾದ ಖಾಲಿ ತೊಟ್ಟಿಗಳನ್ನು ಮೇಲೆಳೆಯಲು ನೆರವಾಗುತ್ತದೆ. ಅಜ್ಜ ಮತ್ತು ಅವರ ಜೊತೆಯವರು ಈ ತೊಟ್ಟಿಗಳನ್ನು ‘ತೊಟ್ಟಿಲು’ ಎನ್ನುತ್ತಿದ್ದರಂತೆ. “ಮಂಜು ಮುಸುಕಿದ್ರೆ ತೊಟ್ಟಿಲು ಕಾಣ್ತಿರಲಿಲ್ಲ. ಕಿರ್ ಅಂತ ಸದ್ದು ಮಾತ್ರ ಕೇಳ್ತಿತ್ತು. ಸದ್ದಿನ ಮೇಲೇ ನಾವು ತಯಾರಾಗಿ ನಿಲ್ತಿದ್ವಿ” ಎಂದು ಅವರು ಹೇಳುತ್ತಾರೆ. ಮಳೆಗಾಲದಲ್ಲಿ ಮೈಮೇಲೆ ಗೊರಬು, ಕಾಲಿಗೆ ಜಿಗಣೆ, ಬಟ್ಟೆಗೆ ಎಂದೂ ಬಿಡದ ಕೆಂಪು. ಅಜ್ಜಿ ಆ ಬಟ್ಟೆಗಳನ್ನು ಬೇರೆ ಬಟ್ಟೆಗಳೊಂದಿಗೆ ನೆನೆಸುತ್ತಿರಲಿಲ್ಲವಂತೆ.

ತಣಿಗೆಬೈಲು ಎಂಬ ಹೆಸರು ಇಂದು ಇನ್ನೊಂದು ಪಟ್ಟಿಯಲ್ಲಿ ಸಿಗುತ್ತದೆ. ಮುತ್ತೋಡಿ, ಲಕ್ಕವಳ್ಳಿ, ಹೆಬ್ಬೆ, ತಣಿಗೆಬೈಲು ಇವು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ವಲಯಗಳು. ಒಂದು ಕಾಲಕ್ಕೆ ಅದಿರಿನ ತೊಟ್ಟಿಗಳು ಬಂದಿಳಿಯುತ್ತಿದ್ದ ಊರಿನ ಹೆಸರನ್ನೇ ಈಗ ಹುಲಿಯ ಹೆಜ್ಜೆ ಎಣಿಸುವ ವಲಯವು ಹೊತ್ತುಕೊಂಡಿದೆ. ಕಾಡೂ ಗಣಿಯೂ ಎರಡು ಬೇರೆ ಕಥೆಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಾಡಿನ ಪಾಲು

ಕಾಡನ್ನು ಕಡಿದವರೇ ಕಾಡನ್ನು ಕಾಯಲೂ ತೊಡಗಿದರೆಂಬುದು ಈ ಚರಿತ್ರೆಯ ಸ್ವಾರಸ್ಯ. 1951ರಲ್ಲಿ ಅಂದಿನ ಮೈಸೂರು ಸರ್ಕಾರವು ಜಾಗರ ಕಣಿವೆಯನ್ನು ವನ್ಯಮೃಗಗಳ ರಕ್ಷಣೆಗೆಂದು ಘೋಷಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ, 1974ರಲ್ಲಿ ಲಕ್ಕವಳ್ಳಿಯ ಕಾಡನ್ನೂ ಸೇರಿಸಿ ಅದು ಭದ್ರಾ ಅಭಯಾರಣ್ಯವಾಯಿತು. ಅದರ ವಿಸ್ತೀರ್ಣ ಸುಮಾರು 492 ಚದರ ಕಿಲೋಮೀಟರ್. 1998ರಲ್ಲಿ ಹುಲಿ ಯೋಜನೆಗೆ ಸೇರ್ಪಡೆಯಾಯಿತು.

ಈ ನಡುವೆ 1952ರ ಸುಮಾರಿಗೆ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಶಾಖವನ್ನು ವಿದ್ಯುತ್ತು ಕೊಟ್ಟುದರಿಂದ, ಇಂಗಾಲವು ಅದಿರಿನ ಆಮ್ಲಜನಕವನ್ನು ಬಿಡಿಸುವಷ್ಟಕ್ಕೆ ಮಾತ್ರ ಸಾಕಾಯಿತು. ಸೌದೆಯ ಹಸಿವು ಅಷ್ಟರಮಟ್ಟಿಗೆ ತಗ್ಗಿತು. ಕಾಡಿನ ಭಾರದಲ್ಲಿ ಒಂದು ಪಾಲನ್ನು ಶರಾವತಿ ಹೊತ್ತಳೆನ್ನಬಹುದು. ಆದರೆ ಶರಾವತಿಯ ವಿದ್ಯುತ್ತಿಗಾಗಿ ಅಲ್ಲಿಯೂ ಕಾಡು, ಗದ್ದೆ, ಊರುಗಳು ನೀರಿನಲ್ಲಿ ಮುಳುಗಿದವೆಂಬುದನ್ನು ಶಿವಮೊಗ್ಗ ಜಿಲ್ಲೆಯವರಾದ ನಾವು ಮರೆಯುವಂತಿಲ್ಲ. ಭಾರವು ಇಳಿದುಹೋಗಲಿಲ್ಲ, ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಸರಿಯಿತು.

ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗಲೂ ಹೀಗೆಯೇ. ಪ್ರತಿ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಜನ “ಡ್ಯಾಮು ಎಷ್ಟಕ್ಕೆ ಬಂತು?” ಎಂದು ಕೇಳುತ್ತ 186 ಅಡಿಯ ಗುರುತಿಗಾಗಿ ಕಾಯುತ್ತಾರೆ. ನದಿಯಂಚಿನ ಕಾಡು ಮುಳುಗಿತು. ಬಯಲುಸೀಮೆಯ ವರೆಗೆ ಗದ್ದೆ ತೋಟಗಳು ಹಸಿರಾದವು. ಬೇಸಗೆಯಲ್ಲಿ ನೀರು ಇಳಿದು ಗುಡ್ಡದ ನೆತ್ತಿಗಳು ದ್ವೀಪಗಳಾಗಿ ಮೇಲೆದ್ದಾಗ, ರಿವರ್ ಟರ್ನ್ ಎಂಬ ಹಳದಿ ಕೊಕ್ಕಿನ ಹಕ್ಕಿಗಳು ಗುಂಪುಗುಂಪಾಗಿ ಬಂದು ಬರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಯಾವ ಎಂಜಿನಿಯರನೂ ತನ್ನ ನಕ್ಷೆಯಲ್ಲಿ ಬರೆಯದ ಲಾಭವಿದು.

ಭದ್ರೆ ಹುಟ್ಟುವ ಕುದುರೆಮುಖದ ಕಡೆಯಲ್ಲಿ ಲೆಕ್ಕವು ಬೇರೆಯಾಗಿ ನಡೆಯಿತು. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿಯು ಅಲ್ಲಿ ಬೆಟ್ಟವನ್ನು ಯಂತ್ರಗಳಿಂದ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಕಳುಹಿಸುತ್ತಿದ್ದಿತು. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಮಳೆಯ ರಭಸ ಹೆಚ್ಚಿರುವ ಈ ಘಟ್ಟದಲ್ಲಿ ಅಗೆದ ಮಣ್ಣು ನದಿಗಿಳಿಯುವುದೆಂಬ ಆತಂಕವು ದೊಡ್ಡ ವಾದಕ್ಕೆ ಕಾರಣವಾಗಿ, ಕಡೆಗೆ 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಯನ್ನು ನಿಲ್ಲಿಸಲು ಆದೇಶಿಸಿತು. 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಂತಿತು. ಗುದ್ದಲಿ ಬುಟ್ಟಿಗಳ ಗಣಿಗೂ ಬೆಟ್ಟವನ್ನೇ ಸರಿಸುವ ಯಂತ್ರಗಳ ಗಣಿಗೂ ಇರುವ ಅಂತರವನ್ನು ಇದರಿಂದ ತಿಳಿಯಬಹುದು. ಕೆಲಸ ಒಂದೇ ಆದರೂ ಅಳತೆ ಒಂದೇ ಅಲ್ಲ.

ಕಾಡಿನಿಂದ ಹೊರಬಂದವರು

ಕಾಡನ್ನು ಉಳಿಸಿದುದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಅಭಯಾರಣ್ಯದ ಒಳಗೆ ತಲೆಮಾರುಗಳಿಂದ ಇದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನು 2001–02ರ ಅವಧಿಯಲ್ಲಿ ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೂ ಚಿಕ್ಕಮಗಳೂರು ಸೀಮೆಯ ಕೆಳಗೂರಿಗೂ ಸ್ಥಳಾಂತರಿಸಲಾಯಿತು. ಭೂಮಿ, ಮನೆ, ರಸ್ತೆ, ಶಾಲೆಗಳನ್ನು ಒದಗಿಸಿ ನಡೆಸಿದ ಈ ಸ್ಥಳಾಂತರವನ್ನು ದೇಶದಲ್ಲಿಯೇ ಒಳ್ಳೆಯ ಮಾದರಿಯೆಂದು ತಜ್ಞರು ಹೇಳುವುದುಂಟು. ಇದರ ಅಗತ್ಯವನ್ನು ತೋರಿಸುವ ಒಂದು ಹಳೆಯ ಸಂಗತಿಯಿದೆ. 1980ರ ದಶಕದ ಕೊನೆಯಲ್ಲಿ ದನಗಳ ದೊಡ್ಡರೋಗವು ಇಲ್ಲಿನ ಕಾಟಿಗಳಿಗೆ ತಗುಲಿ ಅವು ಬಹುಸಂಖ್ಯೆಯಲ್ಲಿ ಸತ್ತವು. ಒಂದೇ ಹುಲ್ಲುಗಾವಲಿನಲ್ಲಿ ಮೇಯುವ ಊರದನಕ್ಕೂ ಕಾಡುದನಕ್ಕೂ ರೋಗವು ಬೇಲಿ ನೋಡುವುದಿಲ್ಲವಷ್ಟೆ. ಆ ರೋಗವು 2011ರಲ್ಲಿ ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಗಿದೆ.

ಕಳೆದ ಬೇಸಗೆಯಲ್ಲಿ ನಾನು ಎಂ.ಸಿ. ಹಳ್ಳಿಗೆ ಹೋಗಿದ್ದೆ. ಮನೆಯೊಂದರ ಮುಂದೆ ಮೆಣಸಿನಕಾಯಿ ಹರವುತ್ತಿದ್ದ ಅಜ್ಜಿಯೊಬ್ಬರು ಕೂರಿಸಿ ಮಜ್ಜಿಗೆ ಕೊಟ್ಟು ಮಾತನಾಡಿದರು. “ಅಲ್ಲಿ ಮಳೆಗಾಲ ಹಿಡೀತು ಅಂದ್ರೆ ಹಳ್ಳ ದಾಟೋ ಹಂಗೇ ಇರಲಿಲ್ಲ. ಹೆರಿಗೆ ನೋವು ಬಂದ್ರೆ ದೇವರೇ ಗತಿ. ಇಲ್ಲಿ ಮೊಮ್ಮಕ್ಕಳು ಶಾಲೆಗೆ ಹೋಗ್ತಾರೆ, ಬಸ್ಸು ಬರುತ್ತೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಅಂಗಳದ ಹಲಸಿನ ಮರ ಈಗ ಆನೆಗೆ ಆಯ್ತು” ಎಂದು ನಕ್ಕರು. ಆ ನಗೆಯಲ್ಲಿ ದೂರು ಇದ್ದಿತೋ ಸಮಾಧಾನ ಇದ್ದಿತೋ ನಾನು ಹೇಳಲಾರೆ. ಒಳ್ಳೆಯದಾಯಿತೆಂಬುದೂ ನಿಜ, ಕಳೆದುಕೊಂಡರೆಂಬುದೂ ನಿಜ. ಒಂದರಿಂದ ಇನ್ನೊಂದನ್ನು ಹೊಡೆದುಹಾಕಲು ಬರುವುದಿಲ್ಲ.

ಇಂದಿನ ಸ್ಥಿತಿ

ಕಾರ್ಖಾನೆಯ ಹೆಸರು 1976ರಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯೆಂದಾಯಿತು. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಕಾರ್ಮಿಕರೂ ಊರಿನವರೂ ಬೀದಿಗಿಳಿದು ಹೋರಾಡಿದರು. ಅದೇ ವರ್ಷ ಕೆಲವು ಭಾಗಗಳಲ್ಲಿ ಕೆಲಸವು ಮತ್ತೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯಲ್ಲಿ ಗಣಿ ನಿಂತಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಗೆ ಬಂದು ತಂಗುತ್ತಿದ್ದ ಆ ಗಿರಿಧಾಮದ ತೋಟಗಳನ್ನು ನೋಡಲು ಪ್ರವಾಸಿಗಳು ಬರುತ್ತಾರೆ, ಚಿತ್ರ ತೆಗೆಯುತ್ತಾರೆ, ಹೋಗುತ್ತಾರೆ. ಅವರಲ್ಲಿ ಬಹುಮಂದಿಗೆ ‘ಗುಂಡಿ’ಯನ್ನು ತೋಡಿದವರಾರೆಂಬುದು ತಿಳಿಯದು.

ಗಣಿ ನಿಂತ ಮೇಲೆ ಏನು ಮಾಡಬೇಕೆಂಬುದು ನಮ್ಮೊಬ್ಬರ ಪ್ರಶ್ನೆಯಲ್ಲ. ಜರ್ಮನಿಯ ಎಸ್ಸೆನ್ ನಗರದಲ್ಲಿ 1986ರಲ್ಲಿ ಮುಚ್ಚಿದ ತ್ಸೋಲ್‌ವೆರೈನ್ ಕಲ್ಲಿದ್ದಲ ಗಣಿಯನ್ನು ಕೆಡವದೆ ಕಾಪಾಡಿದರು; 2001ರಲ್ಲಿ ಅದು ವಿಶ್ವಪರಂಪರೆಯ ತಾಣವೆನಿಸಿತು. ಹಳೆಯ ಹಳಿಗಳ ನಡುವೆ ತಾವಾಗಿ ಬೆಳೆದ ಮರಗಿಡಗಳನ್ನೂ ಅಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಅದೇ 2001ರಲ್ಲಿ ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿ ಮುಚ್ಚಿತು. ಅಲ್ಲಿ ಉಳಿದುದು ಸಯನೈಡ್ ಗುಡ್ಡಗಳು. ಗಾಳಿ ಬೀಸಿದಾಗ ಅವುಗಳ ದೂಳು ಊರಿನ ಮೇಲೆ ಹಾರುತ್ತದೆ. ಮುಚ್ಚುವುದೂ ಒಂದು ಕೆಲಸವೇ. ಅದನ್ನು ಸರಿಯಾಗಿ ಮಾಡಬೇಕಾಗುವುದೆಂದು ಈ ಎರಡು ಉದಾಹರಣೆಗಳು ತಿಳಿಸುತ್ತವೆ.

ಭದ್ರಾ ಕಣಿವೆಯಲ್ಲಿ ಆಗಬೇಕಾದುದು ಬಹಳವೇನೂ ಇಲ್ಲ. ಹುಲಿಯ ಕಾಡಿನೊಳಗೆ ಜನಸಂದಣಿಯನ್ನು ಕರೆತರುವುದು ಬೇಡ. ಭದ್ರಾವತಿಯಲ್ಲಿ ಒಂದು ಕೋಣೆ, ಕೆಮ್ಮಣ್ಣುಗುಂಡಿಯಲ್ಲಿ ಒಂದು ಫಲಕ, ಅದಿರು ಬಂದ ಹಾದಿಯ ಒಂದು ನಕ್ಷೆ, ಕೆಲಸ ಮಾಡಿದವರ ಮಾತುಗಳ ದಾಖಲೆ: ಇಷ್ಟಾದರೂ ಸಾಕು. ಕಾಡಿನ ಚರಿತ್ರೆಯನ್ನು ಹೇಳುವ ಕಡೆ ಕುಲುಮೆಯ ಮಾತೂ, ಕುಲುಮೆಯ ಚರಿತ್ರೆಯನ್ನು ಹೇಳುವ ಕಡೆ ಕಾಡಿನ ಮಾತೂ ಇರಬೇಕು.

ಅಜ್ಜನಿಗೆ ಉತ್ತರ

ಕಳೆದ ಡಿಸೆಂಬರಿನಲ್ಲಿ ಅಜ್ಜನನ್ನು ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋದೆ. ತಾವು ನಿಂತು ತುಂಬುತ್ತಿದ್ದ ಜಾಗವನ್ನು ತೋರಿಸಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಕೋಲೂರಿಕೊಂಡು ಅತ್ತಿತ್ತ ನಡೆದು ನೋಡಿದರು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಇಳಿಜಾರಿನಲ್ಲಿ ಹುಲ್ಲು ಎದೆಮಟ್ಟಕ್ಕೆ ಬೆಳೆದಿತ್ತು. ಲಂಟಾನದ ಪೊದೆಗಳ ನಡುವೆ ಎಳೆಯ ಮರಗಳು ತಲೆಯೆತ್ತಿದ್ದವು. “ಇಲ್ಲೇ ಇರ್ಬೇಕು... ಅಲ್ಲ, ಅಲ್ಲಿ” ಎಂದು ಎರಡು ಮೂರು ಕಡೆ ಕೈ ತೋರಿಸಿ, ಕಡೆಗೆ ಒಂದು ಕಲ್ಲಿನ ಮೇಲೆ ಕುಳಿತರು. “ಒಳ್ಳೇದೇ ಆಯ್ತು, ಮುಚ್ಕೊಂಡಿದೆ” ಎಂದರು. ಆದರೆ ಇಳಿದು ಬರುವಾಗ ಮೂರು ಸಲ ಹಿಂದಿರುಗಿ ನೋಡಿದರು.

ಆಗ ನಾನು ಅವರ ಹಳೆಯ ಪ್ರಶ್ನೆಗೆ ನನ್ನ ಉತ್ತರವನ್ನು ಹೇಳಿದೆ. ಅವರು ಮಾಡಿದುದು ತಪ್ಪಲ್ಲ. ಆ ಅದಿರಿನಿಂದ ನಾಡಿಗೆ ಕಬ್ಬಿಣವೂ ಊರಿಗೆ ಅನ್ನವೂ ಬಂದವು. ಆದರೆ ಕಬ್ಬಿಣದ ಟನ್ನುಗಳನ್ನು ಎಣಿಸಿದವರು ಮರದ ಟನ್ನುಗಳನ್ನು ಅದೇ ಪುಸ್ತಕದಲ್ಲಿ, ಅದರ ಎದುರಿನ ಪುಟದಲ್ಲಿ ಬರೆದಿಡಬೇಕಾಗಿತ್ತು. ಬೆಟ್ಟದ ಮೇಲೆ ನಿಂತು ತುಂಬಿದವರ ಲೆಕ್ಕವನ್ನೂ, ಹಲಸಿನ ಮರ ಬಿಟ್ಟು ಬಂದವರ ಲೆಕ್ಕವನ್ನೂ ಬರೆಯಬೇಕಾಗಿತ್ತು. ಬರೆಯದೆ ಬಿಟ್ಟ ಆ ಪುಟವು ಓದು ಕಲಿತ ನಮ್ಮ ಪಾಲಿಗೆ ಬಂದಿದೆ. ಅಜ್ಜ ಕೇಳಿಸಿಕೊಂಡು, “ಹಂಗಾರೆ ಬರಿ” ಎಂದಷ್ಟೇ ಹೇಳಿದರು.

ನಮ್ಮ ಕಾಲೇಜಿನಲ್ಲಿ ಭದ್ರಾವತಿ, ತರೀಕೆರೆ, ಲಕ್ಕವಳ್ಳಿ ಕಡೆಗಳಿಂದ ಬರುವ ಸಹಪಾಠಿಗಳು ಅನೇಕರಿದ್ದಾರೆ. ಅವರ ಮನೆಗಳಲ್ಲಿ ಇದ್ದಿಲು ಹೊತ್ತವರು, ಸೌದೆ ಕಡಿದವರು, ಅಣೆಕಟ್ಟಿಗೆ ಕಲ್ಲು ಒಡೆದವರು, ಕಾಡಿನಿಂದ ಹೊರಬಂದವರು ಇನ್ನೂ ಇದ್ದಾರು. ಇತಿಹಾಸ ವಿಭಾಗದಲ್ಲಿ ಒಂದು ಪುಸ್ತಕವನ್ನು ಇಟ್ಟು, ಒಬ್ಬೊಬ್ಬರೂ ತಮ್ಮ ಮನೆಯ ಹಿರಿಯರೊಬ್ಬರ ಮಾತನ್ನು ಅದರಲ್ಲಿ ಬರೆಯುವಂತಾಗಲಿ ಎಂದು ಅಧ್ಯಾಪಕರನ್ನೂ ಗೆಳೆಯರನ್ನೂ ವಿನಂತಿಸುತ್ತೇನೆ. ಮೊದಲ ಪುಟಕ್ಕೆ ‘ತೊಟ್ಟಿಲು’ ಎಂಬ ಮಾತನ್ನು ನಾನು ಆಗಲೇ ಬರೆದಿಟ್ಟಿದ್ದೇನೆ.